ಸ್ಕಾಟ್ಲೆಂಡ್ ಕೋಟೆಗಳ ಎಕ್ಸ್‌ಪ್ಲೋರರ್ ಪಾಸ್: ಸೋತ ಮನೆತನಗಳ ಕಥೆ ಪೂರ್ತಿ ಸಿಗುತ್ತೆ, ಗೆದ್ದವರದ್ದಕ್ಕೆ ಬೇರೆ ಟಿಕೆಟ್

ಸ್ಕಾಟ್ಲೆಂಡ್‌ಗೆ ಹೋಗೋರು ತುಂಬ ಜನ ಕೇಳೋ ಪ್ರಶ್ನೆ ಒಂದೇ, ಹಿಸ್ಟಾರಿಕ್ ಸ್ಕಾಟ್ಲೆಂಡ್‌ನವರ ಎಕ್ಸ್‌ಪ್ಲೋರರ್ ಪಾಸ್ ತಗೋಬೇಕಾ ಬೇಡ್ವಾ ಅಂತ. ದುಡ್ಡಿನ ಲೆಕ್ಕ ಆಮೇಲೆ ಹೇಳ್ತೀನಿ, ಅದು ಸುಲಭ. ಅದಕ್ಕಿಂತ ಮುಖ್ಯವಾದ ವಿಷಯ ಯಾವ ರಿವ್ಯೂನಲ್ಲೂ ನಂಗೆ ಕಾಣಲಿಲ್ಲ, ಅದೇನಂದ್ರೆ ಈ ಪಾಸ್‌ನಲ್ಲಿ ಯಾವ ಕೋಟೆ ಇದೆ ಯಾವುದು ಇಲ್ಲ ಅನ್ನೋ ಪಟ್ಟಿನೇ ಆ ದೇಶದ ಅರ್ಧ ಇತಿಹಾಸ. ಪಾಸ್‌ನಲ್ಲಿ ಬರೋದು ಸರ್ಕಾರದ ಸಂಸ್ಥೆ ನೋಡ್ಕೊಳ್ಳೋ ಕೋಟೆಗಳು, ಅಂದ್ರೆ ಹೆಚ್ಚಾಗಿ ಒಂದೋ ರಾಜರದ್ದು, ಇಲ್ಲಾ ರಾಜನ ಜೊತೆ ಜಗಳ ಆಡಿ ಸೋತು ಆಸ್ತಿ ಕಳ್ಕೊಂಡ ಇಲ್ಲಾ ಊರು ಬಿಟ್ಟು ಬೇರೆ ಕಡೆ ಹೋದ ಮನೆತನಗಳದ್ದು. ಗೆದ್ದ ಕಡೆ ನಿಂತ ಹಲವು ಮನೆತನಗಳು ಇವತ್ತಿಗೂ ತಮ್ಮ ಕೋಟೆಲೇ ಇದ್ದಾರೆ, ಅವರು ಅವರದ್ದೇ ಟಿಕೆಟ್ ಮಾರ್ತಾರೆ, ಪಾಸ್ ಅಲ್ಲಿ ನಡೆಯಲ್ಲ. ಇದು ಗೊತ್ತಿಲ್ಲದೆ ಹೋದ್ರೆ ಬರೀ ಪಾಳುಬಿದ್ದ ಗೋಡೆ ನೋಡ್ಕೊಂಡು ಬಂದ್ವಿ ಅನ್ಸುತ್ತೆ, ಗೊತ್ತಿದ್ದು ಹೋದ್ರೆ ಪ್ರತಿ ಗೋಡೆನೂ ಮಾತಾಡುತ್ತೆ.

ಮೊದಲು ಪಾಸ್ ಬಗ್ಗೆ. ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ಸ್ಕಾಟ್ಲೆಂಡ್ ಅನ್ನೋ ಸಂಸ್ಥೆ 2015ರಲ್ಲಿ ಎರಡು ಹಳೇ ಸಂಸ್ಥೆ ಸೇರಿಸಿ ಮಾಡಿದ್ದು, ಅವರ ಕೈಲಿ 300ಕ್ಕಿಂತ ಜಾಸ್ತಿ ಸ್ಮಾರಕ ಇದೆ, ಅದ್ರಲ್ಲಿ ಹೆಚ್ಚಿನವಕ್ಕೆ ಟಿಕೆಟ್ಟೇ ಇಲ್ಲ, ನಡ್ಕೊಂಡು ಹೋಗಿ ನೋಡ್ಬಹುದು. ಟಿಕೆಟ್ ಇರೋದು ಸುಮಾರು 70 ಕಡೆ, ಪಾಸ್ ಕೆಲಸಕ್ಕೆ ಬರೋದು ಅಲ್ಲಿ. ಎಡಿನ್‌ಬರ್ಗ್ ಕೋಟೆ, ಸ್ಟರ್ಲಿಂಗ್ ಕೋಟೆ, ಲೋಕ್ ನೆಸ್ ದಡದ ಅರ್ಕಾರ್ಟ್, ಈ ಮೂರರ ಟಿಕೆಟ್ಟೇ ದುಬಾರಿ, ಇವು ಮೂರಕ್ಕೆ ಹೋಗೋದು ಖಚಿತ ಇದ್ರೆ ಪಾಸ್ ಲೆಕ್ಕ ಹಾಕಿ ನೋಡಿ, ಅದರ ಮೇಲೆ ಚಿಕ್ಕ ಕೋಟೆ ಎರಡು ಮೂರು ಸೇರಿಸಿದ್ರೆ ಲಾಭನೇ. ಬೆಲೆ ಬದಲಾಗ್ತಾ ಇರುತ್ತೆ, ಅದಕ್ಕೆ ನಾನು ಅಂಕಿ ಬರೆಯಲ್ಲ. ಅಲ್ಲೇ ವಾಸ ಇರೋ ನಮ್ಮವರು ಪಾಸ್ ಬಿಟ್ಟು ವರ್ಷದ ಮೆಂಬರ್‌ಶಿಪ್ ತಗೊಳ್ಳಿ, ಅದು ಇನ್ನೂ ವಾಸಿ.

ಈಗ ಕೋಟೆಗಳು. ಈ ಪಾಸ್ ಇಟ್ಕೊಂಡು ಒಂದೇ ಒಂದು ಮನೆತನದ ಹಿಂದೆ ಹೋಗಿ ಅಂತ ನಾನು ಎಲ್ಲರಿಗೂ ಹೇಳ್ತೀನಿ, ಅದು ಡಗ್ಲಸ್ ಮನೆತನ. ಹದಿನೈದನೇ ಶತಮಾನದಲ್ಲಿ ಇವರು ರಾಜನಿಗಿಂತ ಏನೂ ಕಮ್ಮಿ ಇರಲಿಲ್ಲ, ಅದೇ ಅವರಿಗೆ ಮುಳುವಾಯ್ತು. ಎಡಿನ್‌ಬರ್ಗ್ ಕೋಟೆಯಿಂದ ಶುರು ಮಾಡಿ. 1440ರ ನವೆಂಬರ್‌ನಲ್ಲಿ ಡಗ್ಲಸ್‌ನ 6ನೇ ಅರ್ಲ್ (ಅರ್ಲ್ ಅಂದ್ರೆ ವಂಶಪಾರಂಪರ್ಯವಾಗಿ ಬರೋ ದೊಡ್ಡ ಸಾಮಂತ ಪದವಿ) ವಿಲಿಯಂ, ಇನ್ನೂ ಹದಿಹರೆಯದ ಹುಡುಗ, ಅವನನ್ನೂ ಅವನ ತಮ್ಮ ಡೇವಿಡ್‌ನನ್ನೂ ಊಟಕ್ಕೆ ಅಂತ ಕೋಟೆಗೆ ಕರೆಸಿ, ರಾಜದ್ರೋಹದ ವಿಚಾರಣೆ ಅಂತ ಒಂದು ಶಾಸ್ತ್ರ ಮಾಡಿ ಇಬ್ಬರ ತಲೆನೂ ತೆಗೆದುಬಿಟ್ರು. ಆಗ ರಾಜ ಎರಡನೇ ಜೇಮ್ಸ್‌ಗೆ 10 ವರ್ಷ. ಅಧಿಕಾರ ನಡೆಸ್ತಿದ್ದವರಲ್ಲಿ ಮುಖ್ಯ ಚಾನ್ಸೆಲರ್ ವಿಲಿಯಂ ಕ್ರಿಕ್ಟನ್. ಇದನ್ನ ಬ್ಲ್ಯಾಕ್ ಡಿನ್ನರ್ ಅಂತಾರೆ. ಊಟದ ಮಧ್ಯೆ ಕರಿ ಹೋರಿಯ ತಲೆ ತಂದು ಮೇಜಿನ ಮೇಲಿಟ್ರು, ಅದು ಸಾವಿನ ಸೂಚನೆ ಅನ್ನೋ ಕಥೆ ಆಮೇಲಿನ ಕಾಲದ ಬರಹಗಾರರು ಸೇರಿಸಿದ್ದು. ಇನ್ನೊಂದು, ಜನ ಎಲ್ಲ ಈಗಿನ ಗ್ರೇಟ್ ಹಾಲ್‌ನಲ್ಲಿ ನಿಂತ್ಕೊಂಡು ಇಲ್ಲೇ ಆಗಿದ್ದು ಅಂತ ಫೋಟೋ ತಗೋತಾರೆ, ಆ ಹಾಲ್ ಕಟ್ಟಿ ಮುಗಿಸಿದ್ದು ಸುಮಾರು 1511ರಲ್ಲಿ, ಆವತ್ತು ಅದು ಇರಲೇ ಇಲ್ಲ. ಆಗ ಇದ್ದಿದ್ದು ಡೇವಿಡ್ಸ್ ಟವರ್, ಅದು 1573ರ ಮುತ್ತಿಗೆಲಿ ಕುಸಿದು ಬಿತ್ತು, ಅದರ ಉಳಿದ ಭಾಗ ಹಾಫ್ ಮೂನ್ ಬ್ಯಾಟರಿ ಅನ್ನೋ ಫಿರಂಗಿ ಕಟ್ಟೆಯ ಒಳಗೆ ಹುದುಗಿದೆ.

ಅಲ್ಲಿಂದ ಸ್ಟರ್ಲಿಂಗ್. ಹುಡುಗ ರಾಜ ದೊಡ್ಡವನಾಗಿದ್ದಾನೆ, 21 ವರ್ಷ. 8ನೇ ಅರ್ಲ್ ವಿಲಿಯಂ ಡಗ್ಲಸ್ ಬೇರೆ ಇಬ್ಬರು ಅರ್ಲ್‌ಗಳು, ಕ್ರಾಫರ್ಡ್ ಮತ್ತೆ ರಾಸ್, ಅವರ ಜೊತೆ ಪರಸ್ಪರ ಬೆಂಬಲದ ಒಪ್ಪಂದ ಮಾಡ್ಕೊಂಡಿದ್ದ, ಅದನ್ನ ಮುರಿ ಅಂತ ರಾಜ ಕೇಳಿದ, ಇವನು ಆಗಲ್ಲ ಅಂದ. 1452ರ ಫೆಬ್ರವರಿ 22, ಪ್ರಾಣಕ್ಕೆ ಅಪಾಯ ಇಲ್ಲ ಅಂತ ಅಭಯಪತ್ರ ಕೊಟ್ಟು ಕರೆಸಿದ ಅತಿಥಿಗೆ ರಾಜ ತಾನೇ ಚಾಕು ಹಾಕಿದ, ಆಮೇಲೆ ಸುತ್ತ ಇದ್ದವರೂ ಸೇರ್ಕೊಂಡ್ರು, ಮೈಮೇಲೆ 26 ಗಾಯ ಇತ್ತು ಅಂತ ಆ ಕಾಲದ ದಾಖಲೆ ಹೇಳುತ್ತೆ. ಹೆಣನ ಕಿಟಕಿಯಿಂದ ಎಸೆದರು ಅಂತಾರೆ, ಕೋಟೆ ಒಳಗೆ ಅದಕ್ಕೇ ಡಗ್ಲಸ್ ಗಾರ್ಡನ್ ಅಂತ ಹೆಸರಿರೋ ಜಾಗ ಇದೆ. ಪಾರ್ಲಿಮೆಂಟ್ ರಾಜನದ್ದು ತಪ್ಪಿಲ್ಲ ಅಂತ ತೀರ್ಮಾನ ಮಾಡ್ತು. ಮನೆಗೆ ಕರೆದು ಕೊಂದವನ ಪರವಾಗಿ ಒಂದು ಪಾರ್ಲಿಮೆಂಟ್ ಹೀಗೆ ಹೇಳಬಹುದಾ ಅಂತ ನಂಗೆ ಆ ತೋಟದಲ್ಲಿ ನಿಂತಾಗ ನಿಜವಾಗ್ಲೂ ಸಿಟ್ಟು ಬಂತು.

ಸ್ಟರ್ಲಿಂಗ್ ಬಗ್ಗೆ ಇನ್ನೊಂದು ಮಾತು ಹೇಳ್ಲೇಬೇಕು, ನೀವು ಒಂದೇ ಕೋಟೆ ನೋಡೋದು ಅಂದ್ರೆ ಎಡಿನ್‌ಬರ್ಗ್ ಬಿಟ್ಟು ಇದನ್ನ ನೋಡಿ. ಐದನೇ ಜೇಮ್ಸ್ ಅವನ ಫ್ರೆಂಚ್ ಹೆಂಡತಿ ಮೇರಿ ಆಫ್ ಗೀಸ್‌ಗೋಸ್ಕರ ಕಟ್ಟಿಸಿದ ಅರಮನೆನ 2011ರಲ್ಲಿ ಮತ್ತೆ ಹಳೇ ರೂಪಕ್ಕೆ ತಂದಿದ್ದಾರೆ, ಛಾವಣಿಗೆ ಓಕ್ ಮರದಲ್ಲಿ ಕೆತ್ತಿದ ದೊಡ್ಡ ದೊಡ್ಡ ಮುಖಗಳು, ಬಣ್ಣ ಎಲ್ಲ ಗಾಢವಾಗಿ, ಮೊದಲು ನೋಡಿದಾಗ ಇದೇನಪ್ಪ ಇಷ್ಟು ಭರ್ಜರಿ ಬಣ್ಣ ಅನ್ಸುತ್ತೆ, ಆದ್ರೆ ಆಗಿನ ಅರಮನೆಗಳು ಹಾಗೇ ಇದ್ದಿದ್ದು, ಬರಿಗಲ್ಲಿನ ಬೂದು ಬಣ್ಣ ನಮ್ಮ ಕಲ್ಪನೆ ಅಷ್ಟೇ. ಮೂಲ ಮರದ ಕೆತ್ತನೆಗಳನ್ನೂ ಕೋಟೆಲೇ ಪಕ್ಕದಲ್ಲಿ ಇಟ್ಟಿದ್ದಾರೆ, ಬಿಡಬೇಡಿ.

ಮೂರನೇದು ಥ್ರೀವ್. ಇದು ದಕ್ಷಿಣದ ಗ್ಯಾಲೋವೇ ಸೀಮೆಲಿ ಡೀ ನದಿ ಮಧ್ಯದ ದ್ವೀಪದ ಮೇಲಿರೋ ಒಂಟಿ ಗೋಪುರ, 3ನೇ ಅರ್ಲ್ ಆರ್ಚಿಬಾಲ್ಡ್ ಕಟ್ಟಿಸಿದ್ದು. ಕಾರ್ ನಿಲ್ಲಿಸಿ ಹೊಲದ ಮಧ್ಯೆ ನಡ್ಕೊಂಡು ಹೋಗಿ ದಡದಲ್ಲಿ ಗಂಟೆ ಬಾರಿಸಿದ್ರೆ ಆ ಕಡೆಯಿಂದ ಬೋಟ್ ಬರುತ್ತೆ, ಬೋಟ್ ಕೂಡ ಟಿಕೆಟ್‌ನಲ್ಲೇ ಸೇರಿದೆ. 1455ರಲ್ಲಿ ರಾಜ ಡಗ್ಲಸ್‌ಗಳನ್ನ ಪೂರ್ತಿ ಮುಗಿಸೋಕೆ ಹೊರಟಾಗ ಕೊನೆಗೆ ಬಿದ್ದಿದ್ದು ಇದೇ ಕೋಟೆ. ದೊಡ್ಡ ಫಿರಂಗಿ ತಂದು ಹೊಡೆದ್ರು, ಆದ್ರೆ ಒಳಗಿದ್ದವರು ಬಾಗಿಲು ತೆಗೆದಿದ್ದಕ್ಕೆ ರಾಜ ಕೊಟ್ಟ ದುಡ್ಡೂ ಕಾರಣ. ಎಡಿನ್‌ಬರ್ಗ್ ಕೋಟೆಲಿರೋ ಮಾನ್ಸ್ ಮೆಗ್ ಅನ್ನೋ 6 ಟನ್‌ಗಿಂತ ಜಾಸ್ತಿ ತೂಕದ ಫಿರಂಗಿನೇ ಥ್ರೀವ್‌ಗೆ ಹೊಡೆದಿದ್ದು ಅಂತ ಸ್ಥಳೀಯವಾಗಿ ಹೇಳ್ತಾರೆ, ಆದ್ರೆ ಅದನ್ನ ಬರ್ಗಂಡಿಯ ಡ್ಯೂಕ್ ಸ್ಕಾಟ್ ರಾಜನಿಗೆ ಉಡುಗೊರೆಯಾಗಿ ಕಳಿಸಿದ್ದು 1457ರಲ್ಲಿ, ಮುತ್ತಿಗೆ ಮುಗಿದು ಎರಡು ವರ್ಷ ಆದ್ಮೇಲೆ. ಹೀಗೆ ಒಂದು ಕೋಟೆಲಿ ಕೇಳಿದ್ದನ್ನ ಇನ್ನೊಂದು ಕೋಟೆಲಿ ಸರಿ ನೋಡ್ಕೊಳ್ಳೋಕೆ ಆಗೋದೇ ಪಾಸ್‌ನ ನಿಜವಾದ ಬೆಲೆ ಅಂತ ನನ್ನ ಲೆಕ್ಕ.

ಡಗ್ಲಸ್ ಕಥೆ ಅಲ್ಲಿಗೆ ಮುಗಿಯಲ್ಲ, ಯಾಕಂದ್ರೆ ಸೋತಿದ್ದು ಬ್ಲ್ಯಾಕ್ ಡಗ್ಲಸ್ ಅನ್ನೋ ಹಿರೇ ಕವಲು. ರೆಡ್ ಡಗ್ಲಸ್ ಅನ್ನೋ ದಾಯಾದಿ ಕವಲು, ಆಂಗಸ್‌ನ ಅರ್ಲ್‌ಗಳು, ರಾಜನ ಕಡೆ ನಿಂತು ತಮ್ಮವರ ವಿರುದ್ಧವೇ ಹೋರಾಡಿದ್ರು. ಅವರ ಕೋಟೆ ಟ್ಯಾಂಟಲನ್, ನನ್ನ ಪ್ರಕಾರ ಇಡೀ ಪಾಸ್‌ನಲ್ಲಿ ಅತಿ ಚೆಂದದ ಜಾಗ. ಮೂರು ಕಡೆ ಕಡಿದಾದ ಬಂಡೆ, ಕೆಳಗೆ ಸಮುದ್ರ, ನಾಲ್ಕನೇ ಕಡೆ ಮಾತ್ರ ಕೆಂಪು ಕಲ್ಲಿನ ಒಂದೇ ಗೋಡೆ, 15 ಮೀಟರ್ ಎತ್ತರ, 3.6 ಮೀಟರ್ ದಪ್ಪ. ಎದುರಿಗೆ ಬ್ಯಾಸ್ ರಾಕ್ ಅನ್ನೋ ಬಂಡೆ ದ್ವೀಪ, ಬೇಸಿಗೆಲಿ ಗ್ಯಾನೆಟ್ ಹಕ್ಕಿಗಳಿಂದ ಪೂರ್ತಿ ಬೆಳ್ಳಗಾಗಿರುತ್ತೆ. ರಾಜನ ಕೃಪೆಯಿಂದ ಮೇಲೆ ಬಂದ ಇವರೂ ಮುಂದೆ ರಾಜರ ಜೊತೆ ಜಗಳಕ್ಕೆ ಬಿದ್ರು, 1491ರಲ್ಲಿ ನಾಲ್ಕನೇ ಜೇಮ್ಸ್ ಮುತ್ತಿಗೆ ಹಾಕಿದ, 1528ರಲ್ಲಿ ಐದನೇ ಜೇಮ್ಸ್ ಹಾಕಿದ, ಇವನನ್ನಂತೂ ಚಿಕ್ಕವನಿದ್ದಾಗ ಆಂಗಸ್‌ನ 6ನೇ ಅರ್ಲ್ ಎರಡು ವರ್ಷ ತನ್ನ ಹಿಡಿತದಲ್ಲೇ ಇಟ್ಕೊಂಡಿದ್ದ, ಆ ಸೇಡು. ಗೋಡೆ ಎರಡು ಸಲನೂ ತಡ್ಕೊಂತು. ಕೊನೆಗೆ 1651ರಲ್ಲಿ ಇಂಗ್ಲೆಂಡಿನ ಕ್ರಾಮ್‌ವೆಲ್‌ನ ಸೈನ್ಯ ಬಂದು 12 ದಿನ ಫಿರಂಗಿ ಹೊಡೆದು ಮುಗಿಸಿತು. ಎಡಿನ್‌ಬರ್ಗ್‌ನಿಂದ ನಾರ್ತ್ ಬರ್ವಿಕ್‌ಗೆ ಟ್ರೈನ್, ಅಲ್ಲಿಂದ ಬಸ್, ಕಾರ್ ಬೇಡ. ಗಾಳಿ ಮಾತ್ರ ಭಯಂಕರ, ಜಾಕೆಟ್ ಇಲ್ಲದೆ ಮೇಲೆ ಹತ್ತಬೇಡಿ.

ಐದನೇ ಜೇಮ್ಸ್‌ನ ಆ ಸೇಡು ಎಲ್ಲಿಗೆ ಮುಟ್ಟಿತು ಅಂತ ನೋಡೋಕೆ ಪಾಸ್ ಹೊರಗೆ ಬರ್ಬೇಕು, ಗ್ಲಾಮಿಸ್‌ಗೆ. ಆಂಗಸ್ ಅರ್ಲ್‌ನ ತಂಗಿ ಜ್ಯಾನೆಟ್ ಡಗ್ಲಸ್ ಗ್ಲಾಮಿಸ್‌ನ ಲಯನ್ ಮನೆತನಕ್ಕೆ ಸೊಸೆಯಾಗಿ ಹೋಗಿದ್ಲು. ರಾಜನ ವಿರುದ್ಧ ಸಂಚು ಅಂತ ಆರೋಪ ಹೊರಿಸಿ 1537ರಲ್ಲಿ ಎಡಿನ್‌ಬರ್ಗ್ ಕೋಟೆ ಮುಂದೆ ಅವಳನ್ನ ಜೀವಂತ ಸುಟ್ರು, ರಾಜ ಗ್ಲಾಮಿಸ್ ಕೋಟೆ ಕಿತ್ಕೊಂಡು ತಾನೇ ಅಲ್ಲಿ ದರ್ಬಾರು ನಡೆಸಿದ. ರಾಜ ಸತ್ತ ಮೇಲೆ ಅವಳ ಮಗನಿಗೆ ವಾಪಸ್ ಸಿಕ್ಕಿತು, 1372ರಲ್ಲಿ ಬಂದ ಆಸ್ತಿ ಈಗಲೂ ಅದೇ ವಂಶದ ಕೈಲಿದೆ, ಈಗಿನ ಬೌಸ್-ಲಯನ್ ಮನೆತನ, ಎರಡನೇ ಎಲಿಜಬೆತ್ ರಾಣಿಯ ತಾಯಿ ಹುಡುಗಿಯಾಗಿ ಬೆಳೆದ ಮನೆ. ಇಲ್ಲಿ ಗೈಡ್ ಜೊತೆ ಒಳಗೆ ಹೋಗ್ತೀರ, ಕಾರ್ಪೆಟ್ಟು, ಫ್ಯಾಮಿಲಿ ಫೋಟೋ, ಊಟದ ಮೇಜು ಎಲ್ಲ ಇದೆ. ಟ್ಯಾಂಟಲನ್ ನೋಡಿ ಆದ್ಮೇಲೆ ಗ್ಲಾಮಿಸ್ ನೋಡಿದ್ರೆ ಪಾಳುಗೋಡೆಗೂ ವಾಸದ ಮನೆಗೂ ಮಧ್ಯೆ ಒಂದು ಕ್ಷಮಾಪಣೆಯ ಅಂತರ ಅಷ್ಟೇ ಅಂತ ಅರ್ಥ ಆಗುತ್ತೆ.

ಅದೇ ರೀತಿ ಕ್ಯಾಂಪ್‌ಬೆಲ್‌ಗಳ ಇನ್ವರರಿ. ಇವರೂ ತಲೆ ಕೊಟ್ಟಿದ್ದಾರೆ, 1661ರಲ್ಲಿ ಅರ್ಗೈಲ್‌ನ ಮಾರ್ಕ್ವಿಸ್ (ಅರ್ಲ್‌ಗಿಂತ ಮೇಲಿನ ಪದವಿ), 1685ರಲ್ಲಿ ಅವನ ಮಗ 9ನೇ ಅರ್ಲ್, ಇಬ್ಬರನ್ನೂ ಮೇಡನ್ ಅನ್ನೋ ತಲೆ ಕತ್ತರಿಸೋ ಯಂತ್ರಕ್ಕೆ ಕೊಟ್ರು, ಆ ಯಂತ್ರ ಎಡಿನ್‌ಬರ್ಗ್‌ನ ನ್ಯಾಷನಲ್ ಮ್ಯೂಸಿಯಂನಲ್ಲಿ ಇದೆ. ಆದ್ರೆ 1688ರಲ್ಲಿ ಸ್ಟುವರ್ಟ್ ರಾಜನನ್ನ ಇಳಿಸಿದ ಮೇಲೆ ಬಂದ ಹೊಸ ರಾಜನ ಕಡೆ ಸರಿಯಾಗಿ ನಿಂತ್ರು, 1701ರಲ್ಲಿ ಡ್ಯೂಕ್ ಪದವಿ ಬಂತು, ಹೈಲ್ಯಾಂಡ್ ಅನ್ನೋ ಉತ್ತರದ ಗುಡ್ಡಗಾಡಲ್ಲಿ ಅವರ ಮಾತಿಗೆ ಎದುರಿಲ್ಲ. ಈಗಿರೋ ಹಸಿರು ಬೂದು ಕಲ್ಲಿನ ಇನ್ವರರಿಗೆ 1746ರಲ್ಲಿ ಅಡಿಗಲ್ಲು ಹಾಕಿದ್ರು, ಅದೇ ವರ್ಷ, ಸಿಂಹಾಸನ ಸ್ಟುವರ್ಟ್‌ಗಳಿಗೆ ವಾಪಸ್ ಕೊಡಿಸೋಕೆ 1745ರಲ್ಲಿ ಬಂಡಾಯ ಎದ್ದಿದ್ದ ಮನೆತನಗಳು ಕಲೋಡನ್ ಯುದ್ಧದಲ್ಲಿ ನೆಲಕಚ್ಚಿದ್ವು. ಬ್ಲೇರ್ ಕೋಟೆಯ ಮರ್ರೇಗಳದ್ದು ಇನ್ನೂ ವಿಚಿತ್ರ, ಅಣ್ಣತಮ್ಮಂದಿರು ಎರಡೂ ಕಡೆ ಹಂಚಿಹೋಗಿದ್ರು, ಒಬ್ಬ ಸರ್ಕಾರದ ಕಡೆಯ ಡ್ಯೂಕ್, ತಮ್ಮ ಲಾರ್ಡ್ ಜಾರ್ಜ್ ಮರ್ರೇ ಬಂಡಾಯದ ಸೇನಾಪತಿ, 1746ರಲ್ಲಿ ಅವನೇ ಬಂದು ತನ್ನ ಮನೆತನದ ಕೋಟೆಗೇ ಮುತ್ತಿಗೆ ಹಾಕಿ ಕೆಂಪಗೆ ಕಾಯಿಸಿದ ಗುಂಡು ಹೊಡೆದ. ಬ್ರಿಟನ್‌ನಲ್ಲಿ ಮುತ್ತಿಗೆ ಕಂಡ ಕೊನೇ ಕೋಟೆ ಅದು. ಯಾರು ಗೆದ್ರೂ ಆಸ್ತಿ ಮನೇಲೇ ಉಳಿಯುತ್ತೆ ಅನ್ನೋ ಲೆಕ್ಕಾಚಾರ ಅಂತ ಕೆಲವರು ಹೇಳ್ತಾರೆ, ನಂಗೆ ಹಾಗನ್ಸಲ್ಲ, ಅಣ್ಣತಮ್ಮಂದಿರು ನಿಜವಾಗಿಯೂ ಬೇರೆ ಬೇರೆ ನಂಬಿದ್ರು, ಹೊಡೆದ ಗುಂಡು ನಾಟಕ ಅಲ್ಲ. ಬ್ಲೇರ್ ಅಥೋಲ್ ಸ್ಟೇಷನ್‌ನಿಂದ ನಡ್ಕೊಂಡೇ ಹೋಗ್ಬಹುದು.

ಈ ಬೇರೆ ಟಿಕೆಟ್ ಕೋಟೆಗಳಲ್ಲಿ ನಮ್ಮ ಕನ್ನಡದವರು ವಿಶೇಷವಾಗಿ ನೋಡ್ಬೇಕಾದ್ದು ಉತ್ತರದ ಕ್ಯಾಸಲ್ ಲೌಡ್, ಮೆಕೆಂಜಿಗಳದ್ದು, ವರ್ಷದಲ್ಲಿ ಕೆಲವೇ ದಿನ ಮಾತ್ರ ತೆಗೀತಾರೆ. ಇವರ ಕ್ರೋಮಾರ್ಟಿಯ 3ನೇ ಅರ್ಲ್ ಜಾರ್ಜ್ ಮತ್ತೆ ಮಗ ಜಾನ್, ಲಾರ್ಡ್ ಮ್ಯಾಕ್ಲೌಡ್ ಅಂತ ಕರೀತಿದ್ರು, ಇಬ್ಬರೂ 1745ರ ಬಂಡಾಯದಲ್ಲಿ ಸೇರಿ, ಕಲೋಡನ್ ಯುದ್ಧದ ಹಿಂದಿನ ದಿನ ಡನ್‌ರಾಬಿನ್‌ನಲ್ಲಿ ಸಿಕ್ಕಿಬಿದ್ರು. ಅರ್ಲ್‌ಗೆ ಮರಣದಂಡನೆ ಆಗಿ ಆಮೇಲೆ ಪ್ರಾಣ ಉಳೀತು, ಜಮೀನು ಪೂರ್ತಿ ಜಫ್ತಿ. ಮಗ ಸ್ವೀಡನ್‌ಗೆ ಹೋಗಿ ಅಲ್ಲಿ ಸೈನ್ಯದಲ್ಲಿ ದುಡಿದು, ವಾಪಸ್ ಬಂದು, ತನ್ನ ಅಪ್ಪನಿಗೆ ದಂಡನೆ ಕೊಟ್ಟ ಅದೇ ಸಿಂಹಾಸನಕ್ಕೆ ಹೈಲ್ಯಾಂಡ್ ಹುಡುಗರ ಒಂದು ರೆಜಿಮೆಂಟ್ ಕಟ್ಟಿಕೊಟ್ಟ, 73ನೇದು. ಆ ರೆಜಿಮೆಂಟ್ ಬಂದಿಳಿದಿದ್ದು 1780ರಲ್ಲಿ ಮದ್ರಾಸ್‌ಗೆ, ಆಮೇಲೆ ಹೈದರಾಲಿ ಮೇಲಿನ ಯುದ್ಧಕ್ಕೆ ಇಳೀತು. ಅದೇ ವರ್ಷ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಹೈದರ್ ಮತ್ತೆ ಟಿಪ್ಪು ಕರ್ನಲ್ ಬೈಲಿಯ ತುಕಡಿನ ನುಚ್ಚುನೂರು ಮಾಡಿದ್ರಲ್ಲ, ಅದ್ರಲ್ಲಿ ಈ ರೆಜಿಮೆಂಟ್‌ನ ಕಂಪನಿಗಳೂ ಇದ್ವು, ಕ್ಯಾಪ್ಟನ್ ಡೇವಿಡ್ ಬೇರ್ಡ್ ಗಾಯಗೊಂಡು ಸೆರೆಸಿಕ್ಕಿ ಶ್ರೀರಂಗಪಟ್ಟಣದಲ್ಲಿ 1784ರವರೆಗೆ ಬಂದಿಯಾಗಿದ್ದ. ಅದೇ 1784ರಲ್ಲಿ ಲಂಡನ್‌ನ ಪಾರ್ಲಿಮೆಂಟ್ ಜಫ್ತಿ ಮಾಡಿದ್ದ ಬಂಡಾಯಗಾರರ ಜಮೀನು ವಾಪಸ್ ಕೊಡೋ ಕಾಯ್ದೆ ಮಾಡ್ತು, ಮೆಕೆಂಜಿಗಳಿಗೆ ಕ್ರೋಮಾರ್ಟಿ ಜಮೀನು ಸಿಕ್ತು. ಅಂದ್ರೆ ಒಂದು ಸ್ಕಾಟ್ ಮನೆತನ ತನ್ನ ಮಾನ ಆಸ್ತಿ ಮತ್ತೆ ಸಂಪಾದಿಸಿದ್ದರ ಒಂದು ಭಾಗದ ಬೆಲೆ ಕಟ್ಟಿದ್ದು ನಮ್ಮ ಮೈಸೂರಿನ ಯುದ್ಧದಲ್ಲಿ, ಕಟ್ಟಿದವರು ಆ ಸೀಮೆಯ ಬಡ ಹುಡುಗರು. ಶ್ರೀರಂಗಪಟ್ಟಣದ ಬಂದೀಖಾನೆ ನೋಡಿದ ಪ್ರತಿಯೊಬ್ಬರಿಗೂ ಈ ಕೋಟೆ ಬೇರೆ ಥರ ಕಾಣುತ್ತೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಮೇಲೆ ಲಗ್ಗೆ ನಡೆಸಿದ್ದು ಅದೇ ಬೇರ್ಡ್, ಅವನು ಹುಟ್ಟಿದ್ದು ಟ್ಯಾಂಟಲನ್ ಇರೋ ಈಸ್ಟ್ ಲೋಥಿಯನ್ ಸೀಮೆಲೇ.

ಮಂಗಳೂರಿನವರಿಗೆ ಇನ್ನೊಂದು, ಪರ್ತ್ ಊರಿನ ಬಾಲ್‌ಹೌಸಿ ಕೋಟೆ, ಮೊದಲು ಕಿನ್ನೌಲ್ ಅರ್ಲ್‌ಗಳದ್ದು, ಈಗ ಬ್ಲ್ಯಾಕ್ ವಾಚ್ ರೆಜಿಮೆಂಟ್‌ನ ಮ್ಯೂಸಿಯಂ. 1783ರಿಂದ 84ರ ಜನವರಿವರೆಗೆ ಟಿಪ್ಪು ಮಂಗಳೂರು ಕೋಟೆಗೆ ಹಾಕಿದ ಮುತ್ತಿಗೆಲಿ ಒಳಗಿದ್ದಿದ್ದು ಇವರ ಎರಡನೇ ಬೆಟಾಲಿಯನ್, ಕರ್ನಲ್ ಜಾನ್ ಕ್ಯಾಂಪ್‌ಬೆಲ್ ಕೈಕೆಳಗೆ, ಮಂಗಳೂರು ಅನ್ನೋದು ಆ ರೆಜಿಮೆಂಟ್‌ನ ಯುದ್ಧ ಗೌರವಗಳ ಪಟ್ಟಿಲಿ ಇದೆ. ಪಾಸ್ ಇಲ್ಲೂ ನಡೆಯಲ್ಲ.

ಮತ್ತೆ ಪಾಸ್ ಒಳಗೇ ಬಂದ್ರೆ ಎರಡು ಕೋಟೆ ಬಿಡಬೇಡಿ. ಹಂಟ್ಲಿ, ಗಾರ್ಡನ್ ಮನೆತನದ್ದು, ಅಬರ್ಡೀನ್ ಕಡೆ. ಮೊದಲ ಮಾರ್ಕ್ವಿಸ್ 1602ರಲ್ಲಿ ತನ್ನ ಹೆಸರು, ಹೆಂಡತಿ ಹೆನ್ರಿಯೆಟಾ ಸ್ಟುವರ್ಟ್ ಹೆಸರು ಎರಡನ್ನೂ ಕೋಟೆ ಮುಂಭಾಗದ ಉದ್ದಕ್ಕೂ ಆಳೆತ್ತರದಲ್ಲಿ ಅಲ್ಲ, ಅದಕ್ಕೂ ಮೇಲೆ ಆಕಾಶದ ಹತ್ರ ದೊಡ್ಡ ಕಲ್ಲಿನ ಅಕ್ಷರದಲ್ಲಿ ಕೆತ್ತಿಸಿದ್ದಾನೆ. ಎಂಟೇ ವರ್ಷ ಹಿಂದೆ ರಾಜ ಇವನ ಕೋಟೆಗೆ ಮದ್ದು ಇಟ್ಟು ಸಿಡಿಸಿದ್ದ, ಆ ಅವಮಾನಕ್ಕೆ ಕೊಟ್ಟ ಉತ್ತರ ಅದು ಅಂತ ನಂಗನ್ಸುತ್ತೆ. ಇವನ ಅಜ್ಜ 4ನೇ ಅರ್ಲ್ 1562ರಲ್ಲಿ ಸ್ಕಾಟ್ಲೆಂಡ್ ಆಳ್ತಿದ್ದ ಮೇರಿ ರಾಣಿ ಸೈನ್ಯದ ವಿರುದ್ಧ ಸೋತು ಕುದುರೆ ಮೇಲೇ ಸತ್ತ, ಹೆಣಕ್ಕೆ ಮಸಾಲೆ ಹಚ್ಚಿ ಎಡಿನ್‌ಬರ್ಗ್‌ಗೆ ಹೊತ್ಕೊಂಡು ಹೋಗಿ ಮುಂದಿನ ವರ್ಷ ಪಾರ್ಲಿಮೆಂಟ್ ಎದುರು ಇಟ್ಟು ರಾಜದ್ರೋಹದ ತೀರ್ಪು ಕೊಟ್ರು, ಆಸ್ತಿ ಜಫ್ತಿ ಮಾಡೋಕೆ ಅದು ಬೇಕಿತ್ತು.

ಇನ್ನೊಂದು ಕೇರ್‌ಲಾವರಾಕ್, ಮ್ಯಾಕ್ಸ್‌ವೆಲ್‌ಗಳ ತ್ರಿಕೋನ ಆಕಾರದ ಕೋಟೆ, ಸುತ್ತ ನೀರಿನ ಕಂದಕ. 1300ರಲ್ಲಿ ಇಂಗ್ಲೆಂಡಿನ ಮೊದಲನೇ ಎಡ್ವರ್ಡ್ ದೊಡ್ಡ ಸೈನ್ಯ ತಂದಾಗ ಒಳಗಿದ್ದವರು 60 ಜನ. ಒಳಗಡೆ 1634ರ ಒಂದು ಸೊಗಸಾದ ಕೆತ್ತನೆಯ ಮನೆ ಇದೆ, ಅದನ್ನ ಕಟ್ಟಿಸಿ ಆರೇ ವರ್ಷಕ್ಕೆ 13 ವಾರದ ಮುತ್ತಿಗೆ, ಅಲ್ಲಿಗೆ ಕೋಟೆ ಹಾಳು. ಈ ವಂಶದ 5ನೇ ಅರ್ಲ್ ಸ್ಟುವರ್ಟ್‌ಗಳ ಪರವಾಗಿ ಎದ್ದ 1715ರ ಬಂಡಾಯದಲ್ಲಿ ಸಿಕ್ಕಿ ಲಂಡನ್ ಟವರ್‌ನಲ್ಲಿ ಮರಣದಂಡನೆಗೆ ಕಾಯ್ತಿದ್ದಾಗ ಹೆಂಡತಿ ವಿನಿಫ್ರೆಡ್ ಅವನಿಗೆ ಹೆಂಗಸರ ಬಟ್ಟೆ ತೊಡಿಸಿ ಕಾವಲುಗಾರರ ಮುಂದೆಯೇ ಹೊರಗೆ ಕರ್ಕೊಂಡು ಹೋದ್ಲು. ಕೋಟೆಗಳ ಕಥೆಲಿ ಹೆಂಗಸರ ಹೆಸರು ಬರೋದೇ ಕಮ್ಮಿ, ಜ್ಯಾನೆಟ್ ಮತ್ತೆ ವಿನಿಫ್ರೆಡ್ ಇಬ್ಬರನ್ನ ನೆನಪಿಟ್ಕೊಳ್ಳಿ.

ಅರ್ಕಾರ್ಟ್ ಬಗ್ಗೆ ನಂಗೆ ಅಷ್ಟು ಉತ್ಸಾಹ ಇಲ್ಲ. ಜಾಗ ಚೆಂದ, ಸರೋವರ ಚೆಂದ, 1509ರಲ್ಲಿ ಗ್ರಾಂಟ್ ಮನೆತನಕ್ಕೆ ಬಂತು, 1692ರಲ್ಲಿ ಅಲ್ಲಿದ್ದ ಸರ್ಕಾರದ ಸೈನಿಕರು ಶತ್ರುಗಳ ಕೈಗೆ ಸಿಗಬಾರ್ದು ಅಂತ ಸಿಡಿಸಿ ಹೋದ್ರು, ಆದ್ರೆ ಬಸ್ ಬಸ್ ಜನ, ನಿಂತು ನೋಡೋಕೆ ಪುರುಸೊತ್ತು ಇರಲ್ಲ.

ಬಸ್ ಅಂದಾಗ, ಎಡಿನ್‌ಬರ್ಗ್‌ನಿಂದ ಒಂದೇ ದಿನಕ್ಕೆ ಮೂರು ಕೋಟೆ ತೋರಿಸ್ತೀವಿ ಅನ್ನೋ ಟೂರ್‌ಗಳಿವೆ, ನಾನು ಹೋದ ಒಂದರಲ್ಲಿ, ಹೆಸರು ಬೇಡ, ದಾರಿಯುದ್ದಕ್ಕೂ ದೆವ್ವದ ಕಥೆ ಮತ್ತೆ ಯಾವ ಸಿನಿಮಾ ಎಲ್ಲಿ ಶೂಟಿಂಗ್ ಅನ್ನೋದು ಬಿಟ್ಟು ಬೇರೆ ಮಾತಿಲ್ಲ, ಡೂನ್ ಕೋಟೆ ಮುಂದೆ ನಿಲ್ಲಿಸಿ ಅದನ್ನ ಕಟ್ಟಿದ ಆಲ್ಬನಿ ಡ್ಯೂಕ್ ಯಾರು, ರಾಜ ಇಂಗ್ಲೆಂಡಿನ ಸೆರೆಲಿದ್ದಾಗ ಇಡೀ ದೇಶ ಆಳಿದವನು, ಅವನ ಮಗ ಮರ್ಡಾಕ್‌ನನ್ನ ವಾಪಸ್ ಬಂದ ಅದೇ ರಾಜ 1425ರಲ್ಲಿ ಸ್ಟರ್ಲಿಂಗ್‌ನಲ್ಲಿ ತಲೆ ತೆಗೆಸಿದ ಅನ್ನೋದು ಒಂದು ಸಾಲೂ ಇಲ್ಲ. ಅಂಥ ಟೂರ್ ಬೇಡ. ಪಾಸ್ ತಗೊಂಡು ನಿಮ್ಮಷ್ಟಕ್ಕೆ ಹೋಗಿ, ಡೂನ್‌ಗೆ ಸ್ಟರ್ಲಿಂಗ್‌ನಿಂದ ಮಾಮೂಲಿ ಬಸ್ ಇದೆ.

ತಗೊಳ್ಳೋ ಮುಂಚೆ ಎರಡು ವಿಷಯ ನೋಡ್ಕೊಳ್ಳಿ. ಚಿಕ್ಕ ಕೋಟೆಗಳಲ್ಲಿ ಎಷ್ಟೋ ಚಳಿಗಾಲದಲ್ಲಿ ಮುಚ್ಚಿರುತ್ತೆ, ಥ್ರೀವ್ ಅಂತೂ ಬೋಟ್ ಇಲ್ಲದೆ ಆಗಲ್ಲ, ಅದಕ್ಕೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಪಾಸ್ ತಗೊಂಡ್ರೆ ಅಷ್ಟು ಉಪಯೋಗ ಇಲ್ಲ, ಬಿಡಿ ಟಿಕೆಟ್ಟೇ ಸಾಕು. ಎರಡನೇದು, ಎತ್ತರದ ಗೋಡೆಗಳಿಂದ ಕಲ್ಲು ಉದುರೋ ಅಪಾಯ ಇದೆಯಾ ಅಂತ ಪರೀಕ್ಷೆ ಮಾಡೋಕೆ ಸಂಸ್ಥೆಯವರು ಕೆಲವು ವರ್ಷದಿಂದ ಹಲವು ಕೋಟೆಗಳನ್ನ ಭಾಗಶಃ ಇಲ್ಲ ಪೂರ್ತಿ ಮುಚ್ಚಿ ಒಂದೊಂದಾಗಿ ತೆಗೀತಿದ್ದಾರೆ. ಜನರ ಜೀವದ ಪ್ರಶ್ನೆ, ಸರಿಯಾದ ಕೆಲಸವೇ, ಆದ್ರೆ ನೀವು ಹೋಗೋ ದಿನ ಯಾವುದು ತೆಗೆದಿದೆ ಅಂತ ಅವರ ವೆಬ್‌ಸೈಟ್‌ನಲ್ಲಿ ಹಿಂದಿನ ದಿನ ನೋಡಿ ಹೊರಡಿ. ಎಡಿನ್‌ಬರ್ಗ್ ಕೋಟೆಗೆ ಪಾಸ್ ಇದ್ರೂ ಸಮಯ ಮೊದಲೇ ಬುಕ್ ಮಾಡ್ಕೊಳ್ಳೋದು ಒಳ್ಳೇದು, ಬೇಸಿಗೆಲಿ ಸ್ಲಾಟ್ ಬೇಗ ಖಾಲಿ ಆಗುತ್ತೆ.

ನನ್ನ ಮಾರ್ಕ್ಸ್ 5ಕ್ಕೆ 4. ಒಂದು ಕಮ್ಮಿ ಯಾಕೆ ಅಂದ್ರೆ ಖಾಸಗಿ ಕೋಟೆಗಳು, ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ಅನ್ನೋ ಬೇರೆ ಸಂಸ್ಥೆಯ ಕಲೇನ್, ಕ್ರೇಗಿವಾರ್ ಥರದ ಕೋಟೆಗಳು, ಎಲ್ಲಾ ಸೇರಿದ ಒಂದೇ ಟಿಕೆಟ್ ಇಲ್ಲ, ದೂರದಿಂದ ಬರೋರಿಗೆ ಅದು ಕಷ್ಟ. ದಿನ ಕಮ್ಮಿ ಇದ್ರೆ ಎಡಿನ್‌ಬರ್ಗ್, ಟ್ಯಾಂಟಲನ್, ಸ್ಟರ್ಲಿಂಗ್, ಡೂನ್ ಪಾಸ್‌ನಲ್ಲಿ ಮಾಡಿ, ಉಳಿದ ಒಂದು ದಿನಕ್ಕೆ ಕೈಯಿಂದ ದುಡ್ಡು ಹಾಕಿ ಬ್ಲೇರ್ ಇಲ್ಲಾ ಗ್ಲಾಮಿಸ್ ನೋಡಿ. ಥ್ರೀವ್‌ಗೆ ಹೋಗೋರು ಆ ದಿನದ ಕೊನೇ ಬೋಟ್ ಎಷ್ಟು ಗಂಟೆಗೆ ಅಂತ ಕೇಳ್ಕೊಂಡು ಹೊರಡಿ, ಪಾರ್ಕಿಂಗ್‌ನಿಂದ ದಡಕ್ಕೆ ನಡೆಯೋ ಸಮಯನೂ ಲೆಕ್ಕಕ್ಕೆ ಇಟ್ಕೊಳ್ಳಿ.